ಮುಯ್ಯಿಗೆ ಒಂದು ಪಾತಿ

ಹಲಗೂರಿನಲ್ಲಿ ಬಸ್ಸಿಳಿದು ನಮ್ಮ ಶಾಲೆಯ ಊರಿಗೆ ಹೋಗುವ ಆಟೊಗೆ ನಾನು ಕಾಯುವುದು ಒಂದು ದರ್ಜಿ ಅಂಗಡಿಯ ಮುಂದೆ. ಮಳವಳ್ಳಿಯಿಂದ ಬರುವ ಬಸ್ಸು ಬೇಗ ಬಂದರೆ ಆಟೊ ತಡ, ಆಟೊ ಬೇಗ ಬಂದರೆ ಬಸ್ಸು ತಡ. ಹಾಗಾಗಿ ದರ್ಜಿಗೂ ನನಗೂ ಮಾತುಕತೆ ಚೆನ್ನಾಗಿಯೇ ಬೆಳೆದಿದೆ. ರವಿಕೆ ಹೊಲಿದು ಮಿಕ್ಕ ಚಿಂದಿಯನ್ನು ಅವರು ಸಿಮೆಂಟ್ ಚೀಲದಲ್ಲಿ ತುಂಬಿಡುತ್ತಾರೆ. ಒಂದು ದಿನ ಆ ಚೀಲ ಕೇಳಿದೆ.

"ದಿಂಬಿಗಾ ಮಿಸ್?"

"ಇಲ್ಲ, ಮಕ್ಕಳಿಗೆ ಒಳ್ಳೆ ಗುಣ ಕಲಿಸೋಕೆ."

"ಒಳ್ಳೆ ಗುಣಕ್ಕೆ ಚಿಂದಿ ಬಟ್ಟೆ ಯಾಕ್ ಮಿಸ್, ವಸಿ ಒಳ್ಳೆ ಪೀಸೇ ತಕೊಂಡೋಗಿ," ಎಂದು ನಕ್ಕು ಚೀಲ ಕೊಟ್ಟರು.

ನನ್ನದು ನಾಲ್ಕು ಮತ್ತು ಐದನೇ ತರಗತಿ, ಎರಡೂ ಒಂದೇ ಕೋಣೆಯಲ್ಲಿ. ಶನಿವಾರ ಮಕ್ಕಳು ಬ್ಯಾಗು ತರುವುದಿಲ್ಲ. ಅವತ್ತು ಹಾಡು, ಆಟ, ಮಣ್ಣು, ಬಣ್ಣ, ಏನಾದರೂ ಕೈಕೆಲಸ. ಮಂಡ್ಯದಲ್ಲಿ ನಡೆದ ತರಬೇತಿಯೊಂದರಲ್ಲಿ, ಮೌಲ್ಯ ಎನ್ನುವುದನ್ನು ಬಾಯಲ್ಲಿ ಹೇಳಬೇಡಿ, ಕೈಯಲ್ಲಿ ಮಾಡಿಸಿ ಎಂದಿದ್ದರು. ಮಾತು ಸರಿಯೆನಿಸಿತು. ಸುಳ್ಳು ಹೇಳಬಾರದು ಎಂದು ಗೋಡೆಯ ಮೇಲೆ ಬರೆದಿರುವುದನ್ನು ಓದಿಕೊಂಡೇ ಸುಳ್ಳು ಹೇಳುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

ಹಾಗಾಗಿ ಒಂದು ಉಪಾಯ ಮಾಡಿದೆ. ಕಿಟಕಿಯ ಸರಳುಗಳಿಗೆ ಮಗುವಿಗೊಂದರಂತೆ ಹಗ್ಗ ಇಳಿಬಿಟ್ಟೆ, ಅದರ ತುದಿಗೆ ಹೆಸರಿನ ರಟ್ಟು. ಯಾರಿಗಾದರೂ ಸಹಾಯ ಸಿಕ್ಕಿದರೆ, ಸಹಾಯ ಪಡೆದವರು ಮಾಡಿದವರ ಹಗ್ಗಕ್ಕೆ ಒಂದು ಬಟ್ಟೆಯ ಪಟ್ಟಿ ಕಟ್ಟಬೇಕು. ಮಾಡಿದವರು ತಾವೇ ಕಟ್ಟಿಕೊಳ್ಳುವಂತಿಲ್ಲ, ಕಟ್ಟು ಎಂದು ಕೇಳುವಂತೆಯೂ ಇಲ್ಲ. ನಿಯಮ ಇಷ್ಟೇ.

ಸ್ವಲ್ಪ ದಿನದಲ್ಲೇ ಕಿಟಕಿ ಬಣ್ಣಬಣ್ಣವಾಯಿತು. ಗಾಳಿ ಬಂದರೆ ಪಟ್ಟಿಗಳೆಲ್ಲ ಪಟಪಟ ಹೊಡೆದುಕೊಳ್ಳುತ್ತಿದ್ದವು. ಮುಖ್ಯೋಪಾಧ್ಯಾಯರು ಬಂದು ನೋಡಿ ಫೋಟೊ ತೆಗೆದು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ನಮ್ಮ ಶಾಲೆಯಲ್ಲಿ ಇಷ್ಟೊಂದು ಸಹಾಯ ನಡೆಯುತ್ತದೆಯೇ ಎಂದು ನನಗೇ ಆಶ್ಚರ್ಯ. ಆ ಆಶ್ಚರ್ಯ ಕಳೆದದ್ದು ನಲ್ಲಿಯ ಹತ್ತಿರ.

ಬಿಸಿಯೂಟಕ್ಕೆ ಮೊದಲು ಕೈ ತೊಳೆಯುವ ಹೊತ್ತು. ನಮ್ಮ ತರಗತಿಯ ಒಬ್ಬ ಹುಡುಗ ತನ್ನ ತಟ್ಟೆಯನ್ನು ಮೆಲ್ಲಗೆ, ಬಹಳ ಜೋಪಾನವಾಗಿ, ನೆಲಕ್ಕೆ ಬೀಳಿಸಿದ. ಈ ಹುಡುಗನ ಗಂಟಲು ಊರಾಚೆಗೂ ಕೇಳಿಸುವಂಥದು. ಪಕ್ಕದವನು ಬಗ್ಗಿ ಎತ್ತಿಕೊಟ್ಟ. ಕೂಡಲೇ ಪಕ್ಕದವನು ತನ್ನ ತಟ್ಟೆ ಬೀಳಿಸಿ ಸುಮ್ಮನೆ ನಿಂತ.

"ಎತ್ತಲಾ."

"ತಡಿಯಲಾ, ಕೈ ಒದ್ದೆ ಅದೆ."

"ನಂದೂ ಒದ್ದೆ ಇತ್ತು ಕಣ್ಲಾ, ಎತ್ಕೊಡ್ನಿಲ್ವಾ?"

ನಾನು ಹತ್ತಿರ ಹೋಗಿ, "ಏನ್ರೋ ಇದು ನಾಟಕ?" ಎಂದೆ.

ಗಂಟಲಿನ ಹುಡುಗನಿಗೆ ಹೆದರಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. "ನಾಟಕ ಅಲ್ಲ ಮಿಸ್, ಮುಯ್ಯಿ. ಅವ್ನು ನಂಗೆ ಮಾಡ್ದ, ನಾನು ಅವ್ನಿಗೆ ಮಾಡ್ಬೇಕಲ್ವಾ? ಇಬ್ರೂ ಒಂದೊಂದ್ ಪಟ್ಟಿ ಕಟ್ಕೊಂತೀವಿ."

ನನಗೆ ನಗು ಬಂತು. ಈ ಕಡೆ ರೇಷ್ಮೆ ಹುಳು ಸಾಕುವ ಮನೆಗಳೇ ಜಾಸ್ತಿ. ಹುಳು ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಅವನ್ನು ಒಂದೊಂದಾಗಿ ಆಯ್ದು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ಸಂಜೆಯವರೆಗೆ ಕಾಯುವ ಕೆಲಸವಲ್ಲ, ಮನೆಮಂದಿಯಷ್ಟೇ ಸಾಕಾಗುವ ಕೆಲಸವೂ ಅಲ್ಲ. ಅಕ್ಕಪಕ್ಕದ ಮನೆಯವರು ಬರುತ್ತಾರೆ. ಅವರ ಹುಳು ಹಣ್ಣಾದಾಗ ಇವರು ಹೋಗುತ್ತಾರೆ. ಅದೇ ಮುಯ್ಯಿ. ಮದ್ದೂರಿನ ಕಡೆ ನನ್ನ ತವರಿನಲ್ಲೂ ನಾಟಿಗೆ, ಕಳೆಗೆ ಹೀಗೆಯೇ ಇತ್ತು. ಮಕ್ಕಳು ಕಣ್ಣಾರೆ ಕಂಡಿರುವ ಸಹಾಯ ಇದೊಂದೇ. ಪುಸ್ತಕದ ಸಹಾಯ ಒಂದೇ ಕಡೆ ಹರಿಯುತ್ತದೆ, ಇವರದು ಹೋಗಿ ಮತ್ತೆ ಬರುತ್ತದೆ.

ಮುಖ್ಯೋಪಾಧ್ಯಾಯರಿಗೆ ಹೇಳಿದೆ. ನಿವೃತ್ತಿಗೆ ಹತ್ತಿರವಿರುವವರು, ಯಾವುದಕ್ಕೂ ಗಾಬರಿಯಾಗುವವರಲ್ಲ. "ಅದ್ರಲ್ಲಿ ತಪ್ಪೇನಮ್ಮ? ಊರು ನಡೀತಾ ಇರೋದೇ ಹಂಗೆ," ಎಂದು ಹಾಜರಿ ನೋಡತೊಡಗಿದರು. ನಾನೂ ಸುಮ್ಮನಾದೆ.

ಆದರೆ ಒಂದು ಹಗ್ಗ ಬರಿದಾಗಿಯೇ ಇತ್ತು.

ಅದು ಐದನೇ ತರಗತಿಯ ಒಬ್ಬ ಹುಡುಗಿಯದು. ಆ ವರ್ಷವೇ ತಾಯಿಯ ಜೊತೆ ಬ್ಲಫ್ ಎಂಬ ಊರಿನ ಕಡೆಯಿಂದ ಈ ಊರಿನ ಅಜ್ಜಿಮನೆಗೆ ಬಂದವಳು. ತಾಯಿ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೂಲಿಗೆ ಹೋಗುತ್ತಾಳೆ. ಹುಡುಗಿ ಮಾತು ಕಡಿಮೆ, ಕೆಲಸ ಜಾಸ್ತಿ. ಕಸ ತೆಗೆಯುವುದು, ಚಿಕ್ಕವರಿಗೆ ಗುಂಡಿ ಹಾಕುವುದು, ನೀರಿನ ಬಿಂದಿಗೆ ಹೊರುವುದು, ಎಲ್ಲದಕ್ಕೂ ಅವಳೇ. ಮಾಡಿದ ಸಹಾಯಕ್ಕೆ ಪಟ್ಟಿ ಕಟ್ಟಿ ಎಂದು ಕೇಳುವಂತಿಲ್ಲ ಎಂದು ನಾನೇ ಹೇಳಿದ್ದೆನಲ್ಲ, ಅವಳು ಕೇಳಲಿಲ್ಲ.

ಒಂದು ಬೆಳಿಗ್ಗೆ ಗಂಟಲಿನ ಹುಡುಗನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ಅವಳು ಕೂತು ಪಿನ್ನು ಹಾಕಿ ಸರಿ ಮಾಡಿಕೊಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಬಂದ ಮೇಲೆ ಹುಡುಗನನ್ನು ಕರೆದೆ.

"ಪಟ್ಟಿ ಕಟ್ಟಲಿಲ್ವೇನೋ?"

"ಯಾರ್ಗೆ ಮಿಸ್?"

"ಚಪ್ಪಲಿ ಸರಿ ಮಾಡಿಕೊಟ್ಟವಳಿಗೆ."

"ಅವ್ಳಿಗೆ ಕೊಟ್ಟಾಯ್ತಲ್ಲ ಮಿಸ್, ಪೆಪ್ಪರ್ಮೆಂಟು."

ಉಳಿದವರೂ ದನಿಗೂಡಿಸಿದರು. ಒಬ್ಬಳು ನೆಲ್ಲಿಕಾಯಿ ಕೊಟ್ಟಿದ್ದಳಂತೆ, ಇನ್ನೊಬ್ಬ ಹುಣಸೆಹಣ್ಣು. ಯಾರೂ ಅವಳಿಗೆ ಮೋಸ ಮಾಡಿರಲಿಲ್ಲ, ಎಲ್ಲರೂ ಲೆಕ್ಕ ಚುಕ್ತಾ ಮಾಡಿದ್ದರು.

"ಯಾಕ್ರೋ ಅವಳಿಗೆ ಮಾತ್ರ ಪೆಪ್ಪರಮಿಂಟು?"

ಹುಡುಗ ನನ್ನ ಮುಖ ನೋಡಿದ. ಇಷ್ಟೂ ಗೊತ್ತಿಲ್ಲವೇ ಎನ್ನುವ ನೋಟ. "ಅವ್ರ ಮನೇಗೆ ಮುಯ್ಯಿ ಇಲ್ವಲ್ಲ ಮಿಸ್. ಅವ್ರದು ಕೂಲಿ."

ಹೊಲವಿದ್ದವರ ನಡುವೆ ಮುಯ್ಯಿ. ಹೊಲವಿಲ್ಲದವರು ಬಂದರೆ ಸಂಜೆ ಕೈಗೆ ಕಾಸು, ಅಲ್ಲಿಗೆ ಮುಗಿಯಿತು. ನನ್ನ ತವರಿನಲ್ಲಿ ಮುಯ್ಯಾಳಿಗೆ ಪಡಸಾಲೆಯಲ್ಲಿ ಎಲೆ ಹಾಕುತ್ತಿದ್ದರು, ಕೂಲಿಯವರು ಕಣದ ಅಂಚಿನಲ್ಲಿ ಉಣ್ಣುತ್ತಿದ್ದರು. ಅನ್ನ ಅದೇ, ಸಾರು ಅದೇ. ಕೂರುವ ಜಾಗ ಬೇರೆ. ಮಕ್ಕಳು ಮನೆಯಿಂದ ಅದನ್ನು ಹೊತ್ತುತಂದು, ಒಂದಿಷ್ಟೂ ಕೆಟ್ಟ ಮನಸ್ಸಿಲ್ಲದೆ, ನನ್ನ ಕಿಟಕಿಗೆ ಕಟ್ಟಿದ್ದರು. ಹುಡುಗಿ ತನ್ನ ಜಾಗದಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು, ಮಾಡುತ್ತಲೇ ಇದ್ದಳು.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಆಮೇಲೆ ತಾಯಿಯೇ ಮಗಳ ತೋಳು ಹಿಡಿದುಕೊಂಡು ಬಂದಳು. ಸೊಪ್ಪು ಬಿಡಿಸುವ ಕೆಲಸಕ್ಕೆ ಹೊರಟಿದ್ದವಳು, ತಲೆಗೆ ಟವಲು ಸುತ್ತಿಕೊಂಡೇ ಇದ್ದಳು.

"ನೋಡಿ ಮಿಸ್, ಇವ್ಳು ಇಸ್ಕೂಲಿಗೆ ಬರಾಕಿಲ್ಲ ಅಂತ ಕೂತವ್ಳೆ. ನಾನೇನಾರ ಬೋದ್ರೆ ಏನಂತಾಳೆ ಗೊತ್ತಾ? ಇಸ್ಕೂಲಲ್ಲೂ ಕೂಲಿ, ಒಲದಲ್ಲೂ ಕೂಲಿ, ಒಲದಲ್ಲಾದ್ರೆ ಕಾಸಾದ್ರೂ ಬತ್ತದೆ, ನಿನ್ ಜೊತೇಲೇ ಬತ್ತೀನಿ ಬುಡವ್ವ ಅಂತಾಳೆ. ನೀವೇನ್ ಕೆಲ್ಸ ಮಾಡುಸ್ತಿದೀರಿ ಇವ್ಳ ಕೈಲಿ?"

ಕೆಲಸ ಮಾಡಿಸುತ್ತಿಲ್ಲ, ಹೀಗೆ ಹೀಗೆ ಎಂದು ಹೇಳಿದೆ. ತಾಯಿ ಪೂರ್ತಿ ಕೇಳಿದಳು.

"ಇದ್ ನಂಗೇನ್ ಒಸದಲ್ಲ ಬುಡಿ," ಎಂದಳು. "ಆದ್ರೆ ಇವ್ಳು ಓದ್ಲಿ ಅಂತ ಬ್ಲಫ್ಫಿಂದ ಇಲ್ಲಿಗ್ ಬಂದೆ. ಒಂದ್ ಸಲ ಸೊಪ್ಪಿಗೆ ಕೈ ಆಕುದ್ರೆ ಆಮೇಕೆ ಬುಕ್ಕಿಗೆ ಆಕಾಕಿಲ್ಲ. ಇನ್ನೊಂದ್ ವಾರ ನೋಡ್ತೀನಿ. ಅಳ್ತಾ ಅಳ್ತಾ ಎಷ್ಟ್ ದಿವ್ಸ ಅಂತ ಎಳ್ಕೊಂಡ್ ಬರ್ಲಿ?"

ಒಂದು ವಾರ. ಮುಖ್ಯೋಪಾಧ್ಯಾಯರು, "ನಾಳೆ ಪ್ರಾರ್ಥನೆ ಹೊತ್ತಲ್ಲಿ ಎಲ್ಲರೂ ಸಮಾನರು ಅಂತ ಒಂದು ಮಾತು ಹೇಳಿಬಿಡ್ತೀನಿ," ಎಂದರು. ಬೇಡ ಎಂದೆ. ಅವರು ಸಮಾನರು ಎನ್ನುತ್ತಿದ್ದಂತೆ ಸಾಲಿನಲ್ಲಿರುವವರೆಲ್ಲ ತಿರುಗಿ ಯಾರನ್ನು ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ನಾನೇ ಹೋಗಿ ಅವಳ ಹಗ್ಗಕ್ಕೆ ನಾಲ್ಕು ಪಟ್ಟಿ ಕಟ್ಟಬಹುದಿತ್ತು. ಅದೂ ಪೆಪ್ಪರಮಿಂಟೇ ಆಗುತ್ತಿತ್ತು.

ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ಯೋಚಿಸುತ್ತ ಬಂದೆ. ಮಕ್ಕಳ ಮಾತಿನಲ್ಲಿ ಒಂದು ನ್ಯಾಯವಿತ್ತು. ಮುಯ್ಯಿಗೆ ಕರೆಯಬೇಕಾದರೆ ಕರೆಯುವುದಕ್ಕೆ ಒಂದು ಹೊಲ ಬೇಕು. ಮಳವಳ್ಳಿ ಬರುವ ಹೊತ್ತಿಗೆ ಅಡುಗೆಕೋಣೆಯ ಹಿಂದಿನ ಜಾಗ ನೆನಪಾಯಿತು.

ಅಲ್ಲಿ ಶಾಲೆಯ ಕೈತೋಟ ಎಂದು ಒಂದು ಇತ್ತು. ಎಲ್ಲರದೂ ಆದ್ದರಿಂದ ಯಾರದೂ ಅಲ್ಲ, ಪಾರ್ಥೇನಿಯಂ ಸೊಂಪಾಗಿ ಬೆಳೆದಿತ್ತು. ಅದನ್ನು ಸವರಿಸಿ, ಮಗುವಿಗೆ ಒಂದು ಪಾತಿಯಂತೆ ಹಂಚಿಬಿಡುತ್ತೇನೆ ಎಂದು ಮಾರನೆಯ ದಿನ ಹೇಳಿದೆ.

"ಜಂಟಿ ಆಸ್ತಿ ಪಾಲು ಮಾಡಕ್ಕೆ ಹೊರಟ್ರಾ?" ಎಂದರು ಮುಖ್ಯೋಪಾಧ್ಯಾಯರು. "ಊರಲ್ಲಿ ಇದೇ ಜಗಳ ಕಣಮ್ಮ, ಶಾಲೆಗೂ ತರಬೇಡಿ." ಹೀಗೆಂದವರೇ ಮನೆಯಿಂದ ಎರಡು ಗುದ್ದಲಿ ತಂದುಕೊಟ್ಟರು.

ಕಿಟಕಿಯ ಹಗ್ಗಗಳನ್ನು ಇಳಿಸಿ ಪಾತಿಗಳ ಗಡಿಗೆ ಕಟ್ಟಿಸಿದೆ. ಮಕ್ಕಳಿಗೆ ಪಟ್ಟಿ ಹೋಯಿತಲ್ಲ ಎಂಬ ಬೇಸರ ಸ್ವಲ್ಪ ಹೊತ್ತು ಇತ್ತು. "ನಂದು ನಂದು" ಎಂದು ಗಡಿ ನೋಡಿಕೊಳ್ಳುವ ಸಡಗರದಲ್ಲಿ ಅದೂ ಮರೆತುಹೋಯಿತು. ಚೀಟಿ ಎತ್ತಿಸಿ ಹಂಚಿದೆ. ಆ ಹುಡುಗಿಗೆ ಬಂದದ್ದು ಕಾಂಪೌಂಡಿನ ಮೂಲೆ, ನಡುವೆ ಅರ್ಧ ಹೂತಿದ್ದ ದೊಡ್ಡ ಕಲ್ಲು. ಬದಲಾಯಿಸಿ ಕೊಡೋಣ ಎಂದು ನಾಲಿಗೆಯ ತುದಿಯವರೆಗೆ ಬಂತು. ಅವಳು ಆಗಲೇ ಹೋಗಿ ಕಲ್ಲಿನ ಸುತ್ತ ಕಳೆ ಕೀಳುತ್ತಿದ್ದಳು.

ಶನಿವಾರ ಟೊಮ್ಯಾಟೊ, ಬದನೆ ಸಸಿ ತಂದಿದ್ದೆ. ಒಬ್ಬರೇ ಅಗೆದು, ಗೊಬ್ಬರ ಹಾಕಿ, ನೆಟ್ಟು, ನೀರು ಹೊತ್ತು ಮುಗಿಸಲು ಆಗದಷ್ಟು ಕೆಲಸ. ಮಕ್ಕಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. "ಬಾರ್ಲಾ ನನ್ ಪಾತಿಗೆ", "ಮೊದ್ಲು ನಂದು ಆಮೇಕೆ ನಿಂದು" ಎಂದು ಜೋಡಿಗಳಾದರು. ಮೂಲೆಯಲ್ಲಿ ಹುಡುಗಿ ಒಬ್ಬಳೇ ಕಲ್ಲಿನ ಬುಡ ಅಗೆಯುತ್ತಿದ್ದಳು. ಕಲ್ಲು ಅಲುಗಲಿಲ್ಲ.

ಗಂಟಲಿನ ಹುಡುಗನ ಪಾತಿ ಅವಳದಕ್ಕೆ ಅಂಟಿಕೊಂಡೇ ಇತ್ತು.

"ಬಾರಮ್ಮಿ, ನನ್ ಪಾತಿಗೆ ಎಲ್ಡ್ ಬಿಂದ್ಗೆ ನೀರ್ ತಂದ್ಬುಡು. ಚಿಕ್ಕಿ ಕೊಡ್ತೀನಿ."

ಅವಳು ತಲೆಯೆತ್ತಲಿಲ್ಲ. "ನಂಗೂ ಪಾತಿ ಅದೆ."

"ಅದ್ಕೇನೀಗ?"

"ನೀನ್ ಬಾ. ಈ ಕಲ್ಲ್ ಎತ್ಬೇಕು. ಆಮೇಕೆ ನಿನ್ ಪಾತಿಗೆ ನಾನ್ ನೀರ್ ತತ್ತೀನಿ."

"ಏನ್ ಕೊಟ್ಟೀಯ?"

"ಏನೂ ಕೊಡಾಕಿಲ್ಲ. ಮುಯ್ಯಿ."

ನಾನು ಬಗ್ಗಿ ನೀರು ಚಿಮುಕಿಸುತ್ತಲೇ ಇದ್ದೆ. ಹುಡುಗ ನನ್ನ ಕಡೆ ನೋಡಿದ, ಕಲ್ಲಿನ ಕಡೆ ನೋಡಿದ, ಜೇಬಿನೊಳಗಿನ ಚಿಕ್ಕಿಯನ್ನು ಮುಟ್ಟಿ ನೋಡಿಕೊಂಡ. ಆಚೆ ಪಾತಿಯಲ್ಲಿ ಸಸಿ ನೆಡುತ್ತಿದ್ದ ಹುಡುಗಿಯೊಬ್ಬಳು ಕೂತಲ್ಲಿಂದಲೇ ಕೂಗಿದಳು.

"ಓಗ್ಲಾ! ಮುಯ್ಯಿಗ್ ಕರುದ್ಮೇಲೆ ಓಗ್ಬೇಕು. ನಿಮ್ಮನೇಲಿ ಏಳ್ಕೊಟ್ಟಿಲ್ವಾ?"

ಮನೆಯ ಮಾತು ಬಂದ ಮೇಲೆ ಅವನು ನಿಲ್ಲುವ ಹಾಗಿರಲಿಲ್ಲ. ಗಡಿಯ ಹಗ್ಗ ದಾಟಿ ಹೋಗಿ ಕಲ್ಲಿಗೆ ಕೈಕೊಟ್ಟ. ಮುಖ ಕೆಂಪಗಾಯಿತು, ಕಲ್ಲು ಹಾಗೆಯೇ ಇತ್ತು.

"ಒಬ್ರಿಂದ ಆಗಾಕಿಲ್ಲ ಕಣಮ್ಮಿ ಇದು. ಎಮ್ಮೆ ಮಲ್ಗ್ದಂಗೆ ಮಲ್ಗ್ಕಂಡದೆ."

"ಅಂಗಾರೆ ಇನ್ನೂ ಕರಿತೀನಿ," ಎಂದಳು ಅವಳು. ಎದ್ದು ನಿಂತು, ಲಂಗಕ್ಕೆ ಕೈಯೊರೆಸಿಕೊಂಡು, ಒಂದೊಂದು ಪಾತಿಯ ಮುಂದೆ ಹೋಗಿ ಕರೆದಳು. ಊರಿನಲ್ಲಿ ಹುಳು ಹಣ್ಣಾದ ಮನೆಯವರು ಬಾಗಿಲು ಬಾಗಿಲಿಗೆ ಹೋಗಿ ಕರೆಯುವ ಹಾಗೆಯೇ. "ನಮ್ ಪಾತಿಗೆ ಬಾ. ನಿಂದಕ್ಕೆ ನಾನ್ ಬತ್ತೀನಿ." ಅವಳ ದನಿ ಮೊದಲ ಸಲ ಅಷ್ಟು ದೂರದಿಂದ ನನಗೆ ಕೇಳಿಸಿತು.

ಬಂದರು. ಕಲ್ಲಿನ ಸುತ್ತ ಜಾಗ ಸಾಲದಷ್ಟು ಜನ, ಕೆಲಸಕ್ಕಿಂತ ಕೂಗಾಟ ಜಾಸ್ತಿ. "ಎತ್ರಲಾ", "ನನ್ ಕಾಲು ಕಣ್ಲಾ ಅದು", "ಉಸ್ರು ಬುಡಬ್ಯಾಡ್ರಿ". ಮುಖ್ಯೋಪಾಧ್ಯಾಯರು ಅಡುಗೆಕೋಣೆಯಿಂದ ಒಂದು ಹಾರೆ ತಂದು ಬುಡಕ್ಕೆ ಕೊಟ್ಟರು. ಕಲ್ಲು ಮಗ್ಗುಲು ತಿರುಗಿ ಕಾಂಪೌಂಡಿನ ಕಡೆಗೆ ಉರುಳಿತು. ಕಲ್ಲಿದ್ದ ಕಡೆ ಮಣ್ಣು ಕಪ್ಪಗೆ, ತಂಪಾಗಿತ್ತು. ಆಮೇಲೆ ಅವಳು ಬಿಂದಿಗೆ ತೆಗೆದುಕೊಂಡು ಹುಡುಗನ ಪಾತಿಗೆ ನೀರು ಹಾಕಿದಳು. ಅವನು ಚಿಕ್ಕಿಯನ್ನು ತಾನೇ ತಿಂದ. ಉಳಿದವರ ಪಾತಿಗೆ ಹೋಗುವಷ್ಟರಲ್ಲಿ ಗಂಟೆ ಹೊಡೆಯಿತು.

ಆ ಮೇಲಿನ ವಾರ ಅವಳು ಅಳದೆ ಬಂದಳು. ನಾನು ಅದನ್ನು ದೊಡ್ಡದು ಮಾಡಲಿಲ್ಲ. ನಲ್ಲಿಯ ಹತ್ತಿರ ತಟ್ಟೆ ಬೀಳುವುದು ನಿಂತಿತ್ತು, ಪಾತಿಯ ಗಡಿಯ ಜಗಳ ಶುರುವಾಗಿತ್ತು. ಮುಖ್ಯೋಪಾಧ್ಯಾಯರು ಹೇಳಿದ್ದರಲ್ಲಿ ಅರ್ಧ ನಿಜವಾಯಿತು.

ಶುಕ್ರವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ತಾಯಿ ಗೇಟಿನ ಹತ್ತಿರ ಕಾಯುತ್ತಿದ್ದಳು. ನನಗೆ ವಾರದ ಗಡುವು ನೆನಪಾಯಿತು.

"ಮಿಸ್, ನಾಳೀಕೆ ಇವ್ಳಿಗೆ ರಜ ಕೊಡ್ಬೇಕು. ಬ್ಲಫ್ಫಲ್ಲಿ ನಮ್ಮಕ್ಕನ ಮಗೀಗೆ ನಾಮ್ಕರ್ಣ. ನಾವಿಬ್ರೂ ಓಯ್ತಾ ಇದೀವಿ," ಎಂದಳು.

"ಕರ್ಕೊಂಡು ಹೋಗಿ, ಅದಕ್ಕೇನು," ಎಂದೆ.

ಮಗಳು ಬ್ಯಾಗನ್ನು ಬೆನ್ನ ಮೇಲೆ ಏರಿಸಿಕೊಳ್ಳುತ್ತ, "ನಾನ್ ಬರಾಕಿಲ್ಲ," ಎಂದಳು.

"ಯಾಕಮ್ಮಿ? ಒಸ ಬಟ್ಟೆ ಇಕ್ಕಂಡ್ ಬತ್ತೀನಿ ಅಂತಿದ್ದೆ?"

"ನೀನ್ ಓಗವ್ವ. ನಾನು ಅಜ್ಜಿ ಜೊತೇಲಿ ಇರ್ತೀನಿ. ನಾಳೀಕೆ ಶನ್ವಾರ, ಅವ್ರೆಲ್ಲ ನನ್ ಪಾತಿಗ್ ಬಂದವ್ರೆ. ನಾನ್ ಓಗ್ದಿದ್ರೆ ಏನಂದ್ಕಂಡಾರು?"

ತಾಯಿ ತಲೆಯ ಟವಲು ಬಿಚ್ಚಿ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ರಜ ಬ್ಯಾಡ ಬುಡಿ ಮಿಸ್," ಎಂದಳು. "ಮುಯ್ಯಿ ಅದೆಯಂತೆ."