ಲಿಂಬಿಹಣ್ಣಿನ ಸವಾಲು, ಮೂವತ್ತೆಂಟು ತಗ್ಗು

ತುಂಬಿದ ಸಭೆಯಲ್ಲಿ ಸ್ವಂತ ಮಾವನ ಮೇಲೆಯೇ ಸವಾಲು ಕೂಗಿದ ಸೊಸೆ ನಾನು. ಅಥಣಿ ಸೀಮೆಯಲ್ಲಿ ಅಂಥ ಇನ್ನೊಬ್ಬಳಿದ್ದರೆ ತೋರಿಸಿ, ಕರೆದು ಸೀರೆ ಉಡಿಸುತ್ತೇನೆ. ಬೇಕಂತ ಕೂಗಿದ್ದಲ್ಲ. ತಲೆಯಲ್ಲಿ ಲೆಕ್ಕ ಓಡುತ್ತಿತ್ತು, ಬಾಯಿ ಅದಕ್ಕಿಂತ ಮುಂದೆ ಓಡಿತು. ನನ್ನ ಬಾಯಿಯ ಸ್ವಭಾವವೇ ಅಂಥದ್ದು. ನಿಪ್ಪಾಣಿಯ ತವರಿನಲ್ಲಿ ಅವ್ವ ಇದಕ್ಕಾಗಿ ದಿನಾ ಬೈಯುತ್ತಿದ್ದಳು. ಪುಣ್ಯಕ್ಕೆ ಆವತ್ತು ಅವಳು ಅಲ್ಲಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಮದುವೆಯಾಗಿ ಮೂರು ವರ್ಷ. ಮಾವನವರದು ದ್ರಾಕ್ಷಿ ತೋಟ, ಮನೆಯ ಹಿಂದೆ ಬೋಳು ಗುಡ್ಡ. ಮಳೆ ಬಿದ್ದರೆ ನೀರು ಗುಡ್ಡದಿಂದ ಧಡಧಡ ಇಳಿದು ಹಳ್ಳ ಸೇರಿ, ಅರ್ಧ ದಿನದೊಳಗೆ ಊರು ಬಿಟ್ಟು ಹೋಗುತ್ತಿತ್ತು. ಮಾವನವರು ಬಾವಿಯನ್ನು ಎರಡು ಸಲ ಆಳ ಮಾಡಿಸಿ ಕೈಸೋತಿದ್ದರು. ಹಳ್ಳದಲ್ಲಿ ನೀರು ನಿಲ್ಲದಿದ್ದರೆ ಇನ್ನೊಂದು ಬೇಸಿಗೆಗೆ ತೋಟ ಉಳಿಯುವುದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಜಲಾನಯನ ಯೋಜನೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಗುಡ್ಡದ ತುಂಬ ಉದ್ದುದ್ದ ತಗ್ಗು ತೋಡಿ ನೀರು ಇಂಗಿಸುವುದು, ಗಿಡ ಹಚ್ಚುವುದು, ಹಳ್ಳಕ್ಕೆ ಒಡ್ಡು ಕಟ್ಟುವುದು, ಇದು ಅವರ ಕೆಲಸ. ಖರ್ಚಿನ ದೊಡ್ಡ ಪಾಲು ಯೋಜನೆಯದು. ಊರಿನ ಪಾಲು ಹದಿನೈದು ಸಾವಿರ, ಅದು ಮೊದಲೇ ಊರ ಸಮಿತಿಯ ಹೆಸರಿನಲ್ಲಿ ಜಮೆಯಾಗಬೇಕು.

"ನಮ್ಮ ರೊಕ್ಕದಾಗ ಕಟ್ಟಿದ್ರ ಅದು ನಮ್ಮ ಒಡ್ಡ ಆಗತೈತ್ರಿ. ಒಡದ್ರೂ ನೀವು ಹೊಳ್ಳಿ ನೋಡಂಗಿಲ್ಲ. ನಿಮ್ಮ ರೊಕ್ಕ ಬಿದ್ರ ನಿಮ್ಮ ಒಡ್ಡ," ಎಂದರು ಸಾಹೇಬರು. ಸಮಿತಿಯಲ್ಲಿ ಹೆಣ್ಣುಮಕ್ಕಳೂ ಇರಬೇಕೆಂದರು. ಹತ್ತನೇ ಇಯತ್ತೆ ಪಾಸಾದ ಸೊಸೆ ಊರಿನಲ್ಲಿ ನಾನೊಬ್ಬಳೇ. ಹಾಗಾಗಿ ಕಾರ್ಯದರ್ಶಿಯಾದೆ.

ಮೊದಲ ಸಭೆಯಲ್ಲೇ ಕುರಿ ಕಾಯುವ ಆಯಿ ಎದ್ದು ನಿಂತಳು. ಅರವತ್ತು ದಾಟಿದ ಮುದುಕಿ, ಕೈಯಲ್ಲಿ ಸದಾ ಕೋಲು. ಗಿಡ ಬೆಳೆಯಬೇಕಾದರೆ ಮೂರು ವರ್ಷ ಗುಡ್ಡಕ್ಕೆ ದನ, ಕುರಿ ಬಿಡುವಂತಿಲ್ಲ ಎಂದು ಸಾಹೇಬರು ಹೇಳಿದ್ದರು.

"ಗುಡ್ಡ ಮುಚ್ಚರಿ, ಬ್ಯಾಡನ್ನಂಗಿಲ್ಲ. ನನ್ನ ಕುರಿ ಏನ್ ನಿಮ್ಮ ದ್ರಾಕ್ಷಿ ಬಳ್ಳಿ ಮೇಯಬೇಕೇನು?"

ಕೊನೆಗೆ ಗುಡ್ಡದಲ್ಲಿ ಬೆಳೆಯುವ ಹುಲ್ಲನ್ನು ಕೊಯ್ದು ಒಯ್ಯುವ ಮೊದಲ ಹಕ್ಕು ಕುರಿಯವರದೇ ಎಂದು ಬರೆದುಕೊಟ್ಟೆವು. ಓದಿ ಹೇಳು ಎಂದಳು. ಎರಡು ಸಲ ಓದಿಸಿಕೊಂಡೇ ಹೆಬ್ಬೆಟ್ಟು ಒತ್ತಿದಳು.

ಇನ್ನು ಉಳಿದದ್ದು ರೊಕ್ಕ. ಮನೆ ಮನೆಗೆ ಹೋದರೆ ಒಂದೇ ಮಾತು: "ಮೊದಲ ಅವರ ಮನಿದು ತಗೊಂಡ ಬಾ." ಅವರ ಮನೆಗೆ ಹೋದರೆ ಇವರ ಮನೆ ತೋರಿಸುತ್ತಿದ್ದರು. ಊರು ಸುತ್ತಿ ಸುತ್ತಿ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು, ನಾಲ್ಕಾಣೆ ಕೂಡಲಿಲ್ಲ. ಆಗ ಉಪಾಯ ಹೇಳಿದವರು ನಮ್ಮ ಮಾವನವರೇ.

"ಕೇಳಿದ್ರ ಯಾರೂ ಕೊಡಂಗಿಲ್ಲ. ಸವಾಲ್ ಇಡ್ರಿ."

ನಮ್ಮ ಕಡೆ ದೇವರ ಮುಂದಿಟ್ಟ ಕಾಯಿ, ಹಣ್ಣುಗಳನ್ನು ಸವಾಲಿಗೆ ಇಡುವ ರೂಢಿ ಇದೆ. ಹೆಚ್ಚು ಕೂಗಿದವರಿಗೆ ಅದು. ಮನೆಯಲ್ಲಿ ಎಣ್ಣೆಗೆ ಎಂಟಾಣೆ ಬಿಚ್ಚದವನೂ ಸವಾಲಿನಲ್ಲಿ ಕೂತರೆ ಬೇರೆಯೇ ಮನುಷ್ಯ. ಪಕ್ಕದವನು ಕೂಗಿದನೆಂದರೆ ಮುಗಿಯಿತು, ಮೈಮೇಲೆ ಬಂದವರ ಹಾಗೆ ಏರಿಸುತ್ತಾನೆ.

ಒಂದು ಸೋಮವಾರ ಮುಂಜಾನೆ ಗುಡ್ಡದ ಬುಡದ ಗುಡಿಯ ಅಂಗಳದಲ್ಲಿ ಸವಾಲು ನಡೆಯಿತು. ಅಬ್ಬಬ್ಬಾ, ಆ ದಿನ! ಬದನೆಕಾಯಿ ಐನೂರಕ್ಕೆ ಹೋಯಿತು. ಒಂದು ಕುಂಬಳಕಾಯಿ ಸಾವಿರದ ನೂರಕ್ಕೆ. ಊರ ಗೌಡರು, ಎರಡು ಟ್ರ್ಯಾಕ್ಟರಿನ ಕಬ್ಬಿನ ಕುಳ, ಒಂದು ಬಡಕಲು ಸೌತೆಕಾಯಿಗೆ ಎರಡು ಸಾವಿರದ ಒಂದು ಕೂಗಿ ಮೀಸೆ ತಿರುವಿದರು. ಹೆಂಗಸರ ಗುಂಪಿನಲ್ಲಿ ಕುಳಿತ ನಾನು ಹೆಸರು, ಮೊತ್ತ ಬರೆಯುತ್ತ, ಕೂಡಿಸುತ್ತ, ನಗುತ್ತ ಕಣ್ಣೀರು ಒರೆಸಿಕೊಳ್ಳುತ್ತಿದ್ದೆ. ಗೌಡರ ಹೆಂಡತಿ ನನ್ನ ಕಿವಿಯಲ್ಲಿ, "ಯವ್ವಾ, ಮನ್ಯಾಗ ಇಂಥಾ ಸೌತಿಕಾಯಿ ನಾ ಎಮ್ಮಿಗಿ ಹಾಕೇನಿ," ಎಂದರು. ನನಗೆ ಪೆನ್ನು ಹಿಡಿಯಲು ಆಗಲಿಲ್ಲ.

ಮಾವನವರು ಮಾತ್ರ ಯಾವುದಕ್ಕೂ ಕೂಗದೆ ಕುಳಿತಿದ್ದರು. ಅವರ ಕಣ್ಣು ಕೊನೆಗೆ ಬರುವ ಲಿಂಬಿಹಣ್ಣಿನ ಮೇಲೆ. ದೇವರ ತಲೆಯ ಮೇಲಿನ ಲಿಂಬಿಹಣ್ಣೆಂದರೆ ಎಲ್ಲಕ್ಕಿಂತ ದೊಡ್ಡ ಮಾನ. ಅದು ಅವರಿಗೇ ಬೇಕೆಂದು ಊರಿಗೆಲ್ಲ ಗೊತ್ತಿದ್ದುದರಿಂದ ಗೌಡರೊಬ್ಬರನ್ನು ಬಿಟ್ಟು ಯಾರೂ ಅಡ್ಡ ಬರಲಿಲ್ಲ. ಗೌಡರೂ ಒಂದಿಷ್ಟು ಕೆಣಕಿ ಏಳುನೂರಕ್ಕೆ ಸುಮ್ಮನಾದರು. ಮಾವನವರು ಏಳುನೂರಾ ಒಂದು ಅಂದರು.

"ಏಳನೂರಾ ಒಂದು, ಒಂದ್ ಸಲ... ಎರಡ್ ಸಲ..." ಸವಾಲು ನಡೆಸುವವನು ಎಣಿಸುತ್ತಿದ್ದ.

ನಾನು ಅಷ್ಟರಲ್ಲಿ ಕೂಡಿಸಿ ಮುಗಿಸಿದ್ದೆ. ಹದಿನೈದು ಸಾವಿರಕ್ಕೆ ಐವತ್ತು ಕಡಿಮೆ! ಬರೇ ಐವತ್ತು! ಎದ್ದು ನಿಂತೆನೋ, ಕುಳಿತೇ ಕೂಗಿದೆನೋ ಈಗ ನೆನಪಿಲ್ಲ.

"ಏಳುನೂರಾ ಐವತ್ತೊಂದು!"

ನನ್ನ ಅಕ್ಕಪಕ್ಕದ ಹೆಂಗಸರು ಕುಂಡೆ ಸರಿಸಿ ಸರಿಸಿ ದೂರವಾದರು, ನಾನೊಬ್ಬಳೇ ನಡುವೆ ಉಳಿದೆ. ಆಮೇಲೆ ಗೌಡರು ತೊಡೆ ತಟ್ಟಿ ನಕ್ಕರು ನೋಡಿ!

"ಏರಸ್ರೀ! ನಿಮ್ಮ ಸೊಸಿ ನಿಮ್ಮ ಮ್ಯಾಲೆ ಕೂಗ್ಯಾಳ!"

ಮಾವನವರು ಹೆಗಲ ಮೇಲಿನ ವಲ್ಲಿ ಝಾಡಿಸಿ ಮತ್ತೆ ಹಾಕಿಕೊಂಡರು. ಸೊಸೆಯ ಎದುರು ಏರಿಸಿದರೆ ಸಣ್ಣತನ, ಏರಿಸದಿದ್ದರೆ ಸೋಲು. ಮೂರನೇ ಸಲ ಕೂಗಿದ್ದೂ ಆಯಿತು, ಲಿಂಬಿಹಣ್ಣು ನನ್ನ ಉಡಿಗೆ ಬಿದ್ದದ್ದೂ ಆಯಿತು. ಐವತ್ತು ರೂಪಾಯಿ ಬೇಕಿದ್ದರೆ ಅವರನ್ನೇ ಇನ್ನೈವತ್ತು ಏರಿಸಿರೆಂದು ಕೇಳಬಹುದಿತ್ತಲ್ಲ ಎಂದು ಹೊಳೆದದ್ದು ಮನೆಗೆ ಬಂದು ಹಿಟ್ಟು ನಾದುವಾಗ.

ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟರು. ನಾನು ಎದುರಿಗೇ ನಿಂತಿದ್ದರೂ ಅತ್ತೆಗೆ ಹೇಳುತ್ತಿದ್ದರು: "ಲಿಂಬಿಹಣ್ಣಿನ ಸಾಹುಕಾರ್ತಿಗಿ ಹೇಳ, ಚಾ ಬೇಕಂತ." ಅತ್ತೆ ನನ್ನ ಕಡೆ ತಿರುಗಿ, "ಚಾ ಬೇಕಂತ," ಅನ್ನುತ್ತಿದ್ದರು. ನಗು ತಡೆಯಲು ನಾನು ಸೆರಗು ಕಚ್ಚಿಕೊಳ್ಳುತ್ತಿದ್ದೆ. ಆದರೆ ಒಳಗೆ ಚುರುಕ್ ಎನ್ನುತ್ತಿತ್ತು. ಮೂರು ವರ್ಷದಲ್ಲಿ ಅವರು ನನಗೆ ಒಂದು ಬಿರುಸು ಮಾತು ಆಡಿದವರಲ್ಲ.

ಮೂರನೇ ದಿನ ಪಟ್ಟಿ ಹಿಡಿದು ವಸೂಲಿಗೆ ಹೊರಟೆ. ಗೌಡರು ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದರು.

"ಯವ್ವಾ, ಸವಾಲಿನ ರೊಕ್ಕ ಯಾರರ ಅದೇ ವರ್ಷ ಕೊಡತಾರೇನು? ಮುಂದಿನ ವರ್ಷ ಇದೇ ದಿನ ಬಾ. ಎಣಿಸಿ ಕೊಡತೇನಿ."

ಹೌದಲ್ಲ! ಸವಾಲು ಹಿಡಿದವರು ವರ್ಷಕ್ಕೆ ಹಣ ತೀರಿಸುವುದೇ ಪದ್ಧತಿ. ಎಲ್ಲರೂ ಅಷ್ಟು ಧಾರಾಳವಾಗಿ ಕೂಗಿದ್ದೂ ಅದೇ ಧೈರ್ಯದ ಮೇಲೆ. ಬದನೆಕಾಯಿಯವನೂ ಅದನ್ನೇ ಹೇಳಿದ, ಕುಂಬಳಕಾಯಿಯವನೂ ಅದನ್ನೇ ಹೇಳಿದ. ಸಿಟ್ಟಿಗೆದ್ದು ಬೀದಿಯಲ್ಲಿ ನಿಂತು ಎಲ್ಲರನ್ನೂ ಬೈಯಬೇಕೆಂದುಕೊಂಡೆ. ಆಗ ನೆನಪಾಯಿತು, ಏಳುನೂರಾ ಐವತ್ತೊಂದು ನಾನು ಕೊಡುವುದೆಲ್ಲಿಂದ? ನಾನೂ ಮುಂದಿನ ವರ್ಷವನ್ನೇ ನಂಬಿ ಕೂಗಿದ್ದೆ. ಇಡೀ ಊರೇ ಕೂಡಿ ಹುಚ್ಚಾಗಿತ್ತು, ಊರಿನ ಜೊತೆ ಕಾರ್ಯದರ್ಶಿಯೂ.

ಸಾಹೇಬರು ಬಂದು ಪಾಸ್‌ಬುಕ್ ತೆರೆದರು. ಖಾತೆ ತೆಗೆಯುವಾಗ ಕಟ್ಟಿದ್ದಷ್ಟೇ ಇತ್ತು. ಆಮೇಲೆ ನನ್ನ ಪಟ್ಟಿ ನೋಡಿದರು.

"ಸೌತಿಕಾಯಿ ಎರಡ ಸಾವಿರದ ಒಂದು. ಹೌದೇನ್ರಿ?"

"ಹೌದ್ರಿ."

"ರೊಕ್ಕ?"

"ಬರೋ ವರ್ಷ್ರಿ."

ಸಾಹೇಬರು ಚಾಳೀಸು ತೆಗೆದಿಟ್ಟು ಹೊಟ್ಟೆ ಹಿಡಿದು ನಕ್ಕರು. ನಾವೂ ನಕ್ಕೆವು. ಆಮೇಲೆ ಅವರು ಕಣ್ಣು ಒರೆಸಿಕೊಂಡು ಹೇಳಿದ ಮಾತಿಗೆ ಯಾರೂ ನಗಲಿಲ್ಲ. ಹನ್ನೆರಡು ದಿನದೊಳಗೆ ಪಾಲು ಪೂರ್ತಿಯಾಗದಿದ್ದರೆ ಕೆಲಸ ಪಕ್ಕದ ಊರಿಗೆ, ಆ ಊರಿನ ಪಾಲು ಆಗಲೇ ಜಮೆಯಾಗಿದೆ, ಒಂದು ರೂಪಾಯಿ ಕಡಿಮೆಯಾದರೂ ತಮ್ಮ ಕೈಯಲ್ಲಿ ಏನೂ ಇಲ್ಲ. ಹಿಂದೆ ನಿಂತಿದ್ದ ಮಾವನವರ ಮುಖ ನೋಡಿದೆ. ಅವರು ತೋಟದ ಕಡೆ ನೋಡುತ್ತಿದ್ದರು.

ಆಗ ಆಯಿ ಕೋಲು ಕುಟ್ಟಿದಳು.

"ರೊಕ್ಕ ಇಲ್ಲಂದ್ರ ಇಲ್ಲ. ಇವರಿಗೆ ರಟ್ಟಿ ಇಲ್ಲೇನ್ರಿ ಸಾಹೇಬ್ರ?"

ಸಾಹೇಬರು ಕಾಗದ ತಿರುವಿ ನೋಡಿದರು. ದುಡಿಮೆಯನ್ನೂ ಪಾಲೆಂದು ಹಿಡಿಯಬಹುದಿತ್ತು. ತಗ್ಗೊಂದಕ್ಕೆ ಇಪ್ಪತ್ತು ರೂಪಾಯಿ, ಆದರೆ ಆಳು ಹಚ್ಚುವಂತಿಲ್ಲ, ಆಯಾ ಮನೆಯವರೇ ತೋಡಬೇಕು. ಅಲ್ಲೇ ಕೂತು ಲೆಕ್ಕ ಹಾಕಿದೆವು. ಗೌಡರ ಸೌತೆಕಾಯಿಗೆ ನೂರಾ ಒಂದು ತಗ್ಗು! ನನ್ನ ಲಿಂಬಿಹಣ್ಣಿಗೆ ಮೂವತ್ತೆಂಟು. ಅಳತೆ ಹಿಡಿಯುವ ಕೆಲಸ ಆಯಿಗೆ, ಏಕೆಂದರೆ ಆಕೆ ಏನೂ ಕೂಗಿರಲಿಲ್ಲ, ಯಾರ ಬೀಗರೂ ಅಲ್ಲ.

ಮರುದಿನ ಗುಡ್ಡದ ಮೇಲೆ ಜಾತ್ರೆಗಿಂತ ಹೆಚ್ಚಿನ ಗದ್ದಲ. ಸುತ್ತಲ ಊರುಗಳಿಂದ ಸೈಕಲ್ ಹೊಡೆದುಕೊಂಡು ಜನ ನೋಡಲು ಬಂದರು. ರಾಯಬಾಗದಿಂದ ಯಾರನ್ನೋ ಮಾತಾಡಿಸಲು ಬಂದಿದ್ದ ಬೀಗರೊಬ್ಬರು, ಗೌಡರು ಬನಿಯನ್ನಿನಲ್ಲಿ ಗುದ್ದಲಿ ಎತ್ತುವುದನ್ನು ನೋಡುತ್ತ ಸಂಜೆಯ ಬಸ್ಸು ತಪ್ಪಿಸಿಕೊಂಡರು. ಗೌಡರ ನಾಲ್ಕು ಮಕ್ಕಳೂ ಅಪ್ಪನ ಸೌತೆಕಾಯಿಯನ್ನು ಶಪಿಸುತ್ತ ತೋಡುತ್ತಿದ್ದರು. ಆಯಿ ಕೋಲಿನಲ್ಲಿ ಅಳೆದು, ಉಳಿದದ್ದಕ್ಕೆ ಬೆರಳು ಹಚ್ಚಿ ಎಣಿಸಿ, "ನಾಕ ಬಟ್ಟ ಕಡಿಮಿ ಐತಿ. ಗೌಡ ಆದ್ರೇನ, ತಗ್ಗ ಆಳ ಆಗತೈತೇನು?" ಎಂದು ಮುಂದೆ ನಡೆಯುತ್ತಿದ್ದಳು. ಅರವತ್ತು ವರ್ಷ ಈ ಮಂದಿಯಿಂದ ಬೈಸಿಕೊಂಡವಳು, ಆ ಹನ್ನೆರಡು ದಿನ ಆಕೆಯ ನಡಿಗೆ ನೋಡಬೇಕಿತ್ತು!

ನನ್ನ ಗಂಡ ಒಣದ್ರಾಕ್ಷಿ ಹೇರಿಕೊಂಡು ತಾಸಗಾಂವ ಪೇಟೆಗೆ ಹೋದವರು, ದರ ಏರಲೆಂದು ಅಲ್ಲೇ ಕುಳಿತಿದ್ದರು. ನಾನು ತೋಡುತ್ತಿದ್ದೆ, ಅತ್ತೆ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದರು. ತಮಾಷೆಯೆಂದರೆ, ಊರಿನ ದೊಡ್ಡ ಕುಳಗಳಲ್ಲಿ ತೋಡುವುದಕ್ಕೆ ಒಂದು ತಗ್ಗೂ ಇಲ್ಲದವರು ಮಾವನವರೊಬ್ಬರೇ. ಅವರ ಪಾಲನ್ನು ನಾನು ಕಸಿದುಕೊಂಡಿದ್ದೆನಲ್ಲ! ದಿನಾ ಕೊಡೆ ಹಿಡಿದು ಗುಡ್ಡದ ಬುಡದವರೆಗೆ ಬರುತ್ತಿದ್ದರು, ನಿಂತು ನೋಡುತ್ತಿದ್ದರು, ಹೋಗುತ್ತಿದ್ದರು. "ಪುಣ್ಯವಂತ್ರ ಬಿಡ್ರಿ, ಸೊಸಿ ಉಳಿಸಿದ್ಲು," ಎಂದು ಗೌಡರು ಮೇಲಿನಿಂದ ಕೂಗಿದರೆ ಅವರ ಕೊಡೆ ಇನ್ನಷ್ಟು ಕೆಳಗೆ ಬಾಗುತ್ತಿತ್ತು.

ಕೊನೆಯ ದಿನ ಬಂತು. ಗೌಡರ ನೂರಾ ಒಂದೂ ಮುಗಿದವು. ಎಲ್ಲರದೂ ಮುಗಿದವು. ನನ್ನವು ನಾಲ್ಕು ಉಳಿದವು. ಯೋಜನೆಯ ನಿಯಮದಂತೆ ಬೇರೆ ಮನೆಯವರು ಕೈ ಹಚ್ಚುವಂತಿರಲಿಲ್ಲ. ಎಲ್ಲರೂ ಸುತ್ತ ನಿಂತು ಬಾಯಲ್ಲೇ ಗುದ್ದಲಿ ಹೊಡೆಯುತ್ತಿದ್ದರು: "ಹಾಕ, ಹಾಕ! ಇನ್ನಷ್ಟ!" ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈಯ ಬೊಬ್ಬೆಗಳು ಒಡೆದವು. ಸಾಹೇಬರ ಜೀಪು ಬಂದು ಬುಡದಲ್ಲಿ ನಿಂತಿತು. ಎಂಬತ್ತು ರೂಪಾಯಿಯ ಕೆಲಸಕ್ಕೆ ಇಡೀ ಊರಿನ ಒಡ್ಡು ನನ್ನಿಂದ ಹೋಗುತ್ತದಲ್ಲ! ಗುದ್ದಲಿ ಎತ್ತಿದೆ, ಅದು ಜಾರಿ ಬಿತ್ತು.

ಆಗ ಮಾವನವರು ಗುಡ್ಡ ಹತ್ತಿ ಬಂದರು. ಕೊಡೆ ಮಡಚಿ ಅತ್ತೆಯ ಕೈಗೆ ಕೊಟ್ಟರು. ಧೋತರ ಮೇಲೆ ಕಟ್ಟಿದರು. ನನ್ನ ಕಡೆ ನೋಡಲೂ ಇಲ್ಲ, ಬಿದ್ದ ಗುದ್ದಲಿ ಎತ್ತಿಕೊಂಡು ಹೊಡೆಯತೊಡಗಿದರು. ಯೌವನದಲ್ಲಿ ಬಾವಿ ತೋಡಿದ ಕೈ ಅದು. ಕಲ್ಲು ಮಿಶ್ರಿತ ಮಣ್ಣು ದಬದಬ ಏಳುತ್ತಿತ್ತು. ಮೊದಲ ತಗ್ಗು ಮುಗಿದಾಗ ಆಯಿ ಕೋಲು ಇಳಿಬಿಟ್ಟಳು.

"ನಾಕ ಬಟ್ಟ ಕಡಿಮಿ."

ಮಾವನವರು ಆಯಿಯನ್ನು ನೋಡಿದರು. ಆಯಿ ಅವರನ್ನು ನೋಡಿದಳು.

"ಮತ್ತ ಅಳಿ," ಎಂದರು.

"ಅಳಿಬೇಕಾದದ್ದು ನೀ ತೋಡಿದ ಮ್ಯಾಲೆ."

ಅವರು ಮತ್ತೆ ತಗ್ಗಿಗೆ ಇಳಿದರು. ಆಗ ಎದ್ದ ನಗು, ಚಪ್ಪಾಳೆ, ಸೀಟಿ! ಗೌಡರು ಕುಣಿದರು, ಕುಣಿದು ಸೊಂಟ ಹಿಡಿದುಕೊಂಡರು. ನಾನೂ ಸಲಿಕೆ ಹಿಡಿದು ಇಳಿದೆ. ಅವರು ಅಗೆದರು, ನಾನು ಎತ್ತಿದೆ, ಅತ್ತೆ ಹೊತ್ತರು. ಹೊತ್ತು ಇಳಿಯುವ ಮೊದಲು ಮೂವತ್ತೆಂಟನೆಯ ತಗ್ಗಿಗೆ ಆಯಿ ಕೋಲು ಇಳಿಸಿ, "ಬರೋಬ್ಬರಿ ಐತಿ," ಎಂದಳು.

ಅಲ್ಲೇ ಬಂಡೆಯ ಮೇಲೆ ಕೂತು ಸಾಹೇಬರು ರಿಜಿಸ್ಟರ್ ಬರೆಸಿದರು. ಕಾರ್ಯದರ್ಶಿಯೆಂದು ಪೆನ್ನು ನನ್ನ ಕೈಯಲ್ಲಿ. ತೋಡಿದವರ ಹೆಸರು, ಅವರು ಯಾರ ಮಗ, ಯಾರ ಮನೆ. ಸಾಲು ಸಾಲಾಗಿ ಬರೆಯುತ್ತ ಬಂದು ಕೊನೆಗೆ ನಮ್ಮ ಮನೆಗೆ ತಲುಪಿ ಪೆನ್ನು ನಿಲ್ಲಿಸಿದೆ. ರೇಷನ್ ಕಾರ್ಡು, ಮತದಾರರ ಪಟ್ಟಿ, ಮದುವೆಯ ಮಮತೆಯ ಕರೆಯೋಲೆ, ಯಾವ ಕಾಗದದಲ್ಲೂ ನಾನು ಯಾರದೋ ಮಗಳು, ಯಾರದೋ ಹೆಂಡತಿ, ಯಾರದೋ ಸೊಸೆ. ಮನೆಯ ಹಿರಿಯರ ಹೆಸರನ್ನು ಮೇಲೆ ಬರೆಯುವುದೇ ರೀತಿ.

"ಯಜಮಾನ್ರ ಹೆಸರಿಗೇ ಹಾಕೋಣಲ್ರಿ?" ಎಂದು ಸಾಹೇಬರು ಮಾವನವರನ್ನು ಕೇಳಿದರು.

ಮಾವನವರು ವಲ್ಲಿಯಿಂದ ಕುತ್ತಿಗೆ ಒರೆಸಿಕೊಂಡರು. ಸವಾಲಿನ ದಿನದಿಂದ ಮೊದಲ ಸಲ ನೇರ ನನ್ನ ಮುಖ ನೋಡಿ ಮಾತಾಡಿದರು.

"ಸವಾಲ್ ಹಿಡದಾಕಿ ನೀ. ನಿನ್ನ ಹೆಸರ ಬರಿ."

ಬರೆದೆ.

"ಮತ್ತ ತಗ್ಗ ನೀವೂ ತೋಡೀರಲ್ರಿ," ಎಂದರು ಸಾಹೇಬರು. "ನಿಮ್ಮನ್ನ ಏನಂತ ಬರಿಯೂದು?"

ಮಾವನವರು ಗುಡ್ಡದ ತುಂಬ ಹರಡಿದ ತಗ್ಗುಗಳನ್ನು ಒಮ್ಮೆ ನೋಡಿದರು.

"ಆಕಿ ಹೆಸರಿನ ಕೆಳಗ ಬರೀರಿ, ಆಕಿ ಮಾವ ಅಂತ."

ನನಗೆ ಅಳುವೂ ನಗುವೂ ಕೂಡಿಯೇ ಬಂದವು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಅವರು ಹೇಳಿದ ಹಾಗೆಯೇ ಬರೆದೆ.