ಗೂಡಿನಲ್ಲಿ ನೀಲಿಯಾದ ಕಡಲು

ಮಂಗಲ್ಪಾಡಿಯ ನಮ್ಮ ಶಾಲೆಯಲ್ಲಿ ಮಕ್ಕಳು ಕೈ ತೊಳೆಯಲೆಂದು ಹೊಸ ಕಟ್ಟೆ ಕಟ್ಟಿದಾಗ, ಅದರ ಗೋಡೆಗೆ ಕಡಲು, ಏಡಿಗಳ ಚಿತ್ರದ ಟೈಲ್ಸ್ ನಾನೇ ಮಾಡಿಕೊಡುತ್ತೇನೆಂದು ಸಭೆಯಲ್ಲಿ ಬಾಯಿಬಿಟ್ಟೆ. ನಾನು ಡ್ರಾಯಿಂಗ್ ಟೀಚರ್. ಮಣ್ಣಿನ ಕೆಲಸದ ಗಂಧಗಾಳಿಯೂ ಗೊತ್ತಿರಲಿಲ್ಲ. ಧೈರ್ಯವೆಲ್ಲ ನನಗಿಂತ ಕಿರಿಯಳಾದ ಒಬ್ಬ ಬ್ಯಾರಿ ಗೆಳತಿಯದ್ದು. ಅವಳು ಸೆರಾಮಿಕ್ ಕೆಲಸ ಕಲಿತು ಬಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ಮಣ್ಣಿನ ಸಾಮಾನು ಸುಡುವ ಕರೆಂಟಿನ ಗೂಡು ಇಟ್ಟುಕೊಂಡಿದ್ದಳು. ಅದುವರೆಗೆ ಲೋಟ, ಬೋಗುಣಿ ಮಾತ್ರ ಸುಟ್ಟಿದ್ದಳು.

"ಟೈಲ್ಸ್ ಎಂತ ಮಹಾ ಟೀಚರೇ? ಚಪ್ಪಟೆ ಅಲ್ವಾ?" ಎಂದಳು.

ಆ ಚಪ್ಪಟೆಯೇ ನಮ್ಮನ್ನು ಅಳಿಸಿತು. ಮಣ್ಣು ಲಟ್ಟಿಸಿ, ಚೌಕ ಕತ್ತರಿಸಿ ಅವಳ ಅಂಗಳದಲ್ಲಿ ಒಣಗಲು ಇಟ್ಟೆವು. ಸಂಜೆ ನೋಡಿದರೆ ಅಂಚುಗಳೆಲ್ಲ ಎದ್ದು ಕರಿದ ಹಪ್ಪಳದ ಹಾಗಾಗಿದ್ದವು. ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದಿದ್ದ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದಲೇ ನಕ್ಕರು.

"ಬಿಸಿಲಿಗೆ ಯಾರಾದ್ರೂ ಇಡ್ತಾರಾ ಮಾರಾಯ್ತಿ! ನೆರಳಲ್ಲಿ ನಿಧಾನ ಒಣಗ್ಬೇಕು. ಮಣ್ಣಿಗೆ ಹಳೆ ಹಂಚಿನ ಪುಡಿ ಸೇರ್ಸಿ, ಆಗ ಸೊಟ್ಟ ಆಗುದಿಲ್ಲ."

ಹಳೆ ಹಂಚಿಗೆ ನಮ್ಮೂರಲ್ಲಿ ಬರವೇ? ಕುಟ್ಟಿ, ಜರಡಿ ಹಿಡಿದು ಮಣ್ಣಿಗೆ ಕಲಸಿದೆವು. ಹೊಸ ಚೌಕಗಳನ್ನು ಹಲಗೆಗಳ ನಡುವೆ ಕಾಗದ ಹಾಸಿ ಇಟ್ಟೆವು. ಅಜ್ಜಿ ದಿನಾ ಬಂದು ಒಂದೊಂದನ್ನೂ ತಿರುವಿ, ಕೆನ್ನೆಗೆ ತಾಗಿಸಿ ನೋಡುವರು. ತಣ್ಣಗಿದ್ದರೆ ಒಳಗಿನ್ನೂ ನೀರಿದೆ ಎಂದರ್ಥ. ಮೊದಲ ಸಲ ಸುಟ್ಟಾಗ ಒಡೆದದ್ದು ಮೂರೇ. ಶೆಡ್ಡಿನಲ್ಲೇ ಕುಣಿದುಬಿಟ್ಟೆವು.

ಆಮೇಲೆ ಗ್ಲೇಜ್, ಅಂದರೆ ಬಿಸಿಗೆ ಕರಗಿ ಗಾಜಾಗುವ ಬಣ್ಣದ ನೀರು. ಗೆಳತಿ ಮುಂದಿಟ್ಟ ಡಬ್ಬಿಗಳಲ್ಲಿ ಒಂದು ಗುಲಾಬಿ, ಇನ್ನೊಂದು ಬೂದಿಬಣ್ಣ.

"ಸಮುದ್ರಕ್ಕೆ ಇದನ್ನು ಬಳಿಯುದಾ?" ಎಂದೆ.

"ಸುಟ್ಟ ಮೇಲೆ ಗುಲಾಬಿ ನೀಲಿ ಆಗ್ತದೆ, ಬೂದಿ ಹಸಿರಾಗ್ತದೆ. ನಂಬಿ ಬಳೀರಿ ಟೀಚರೇ."

ಇಷ್ಟು ವರ್ಷ ಮಕ್ಕಳಿಗೆ ಬಣ್ಣ ಕಲಿಸಿದವಳು ಗುಲಾಬಿ ಕಡಲು, ಬೂದಿ ಏಡಿ ಬರೆದೆ.

ಶನಿವಾರ ಬೆಳಿಗ್ಗೆ ಎರಡನೇ ಸಲ ಗೂಡಿನ ಸ್ವಿಚ್ ಹಾಕಿದೆವು. ಸಂಜೆಗೆ ಬಾಗಿಲಿನ ಸಣ್ಣ ತೂತಿನಲ್ಲಿ ಇಣುಕಿದರೆ ಒಳಗೆಲ್ಲ ಕಿತ್ತಳೆ ಬೆಳಕು. ಸ್ವಿಚ್ ಆರಿಸಿದ ಮೇಲೂ ತೆರೆಯುವ ಹಾಗಿಲ್ಲ. ತಣ್ಣನೆ ಗಾಳಿ ತಾಗಿದರೆ ಎಲ್ಲ ಬಿರಿಯುತ್ತದೆ. ಭಾನುವಾರವಿಡೀ ನನಗೆ ಯಾವ ಕೆಲಸಕ್ಕೂ ಕೈ ಓಡಲಿಲ್ಲ. ಗೆಳತಿಗೆ ಮೂರು ಸಲ ಫೋನ್ ಮಾಡಿದೆ. "ಇನ್ನೂ ಬಿಸಿ ಉಂಟು" ಎಂಬುದಷ್ಟೇ ಉತ್ತರ.

ಸೋಮವಾರ ಶಾಲೆಗೆ ಹೋಗುವ ಮೊದಲೇ ಅವಳ ಶೆಡ್ಡಿಗೆ ಓಡಿದೆ. ಅಜ್ಜಿ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಗೆಳತಿ ಬಾಗಿಲು ತೆರೆದಳು. ನೀಲಿ! ಮಳೆಗಾಲ ಕಳೆದ ಮೇಲಿನ ಕಡಲಿನಂಥ, ಮಿರಮಿರ ಮಿನುಗುವ ನೀಲಿ. ಇನ್ನೂ ಬೆಚ್ಚಗಿದ್ದ ಒಂದು ಟೈಲನ್ನು ಎದೆಗೆ ಒತ್ತಿಕೊಂಡು ಕಿರುಚಿದೆ. ಒಂದು ಏಡಿಯ ಹಸಿರು ಮಾತ್ರ ಇಳಿದು ನೀಲಿಗೆ ಸೇರಿಬಿಟ್ಟಿತ್ತು.

"ಇದೊಂದು ಹಾಳಾಯ್ತು" ಎಂದಳು ಗೆಳತಿ.

"ಎಂತ ಹಾಳು? ಪಾಚಿಯಲ್ಲಿ ಅಡಗಿದೆ, ಅಷ್ಟೆ" ಎಂದರು ಅಜ್ಜಿ.

ಅದನ್ನೂ ಗೋಡೆಗೆ ಕೂರಿಸಿದೆವು. ಪಾಚಿಯಲ್ಲಿ ಒಂದು ಏಡಿ ಅಡಗಿದೆ ಎಂದು ಮಕ್ಕಳಿಗೆ ಹೇಳಿದೆ. ಮರುದಿನ ಊಟದ ಗಂಟೆ ಹೊಡೆದಾಗ ಅವರು ಕೈ ತೊಳೆಯುವುದನ್ನು ಮರೆತು ಅಡಗಿದ ಏಡಿ ಹುಡುಕುತ್ತಾ ನಿಂತರು. ಗದರಲು ಬಂದ ಹೆಡ್‌ಮಾಸ್ಟರೂ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.