ಊರು ಬಿಟ್ಟವರ ಅಡ್ಡಹೆಸರು

ನಮ್ಮ ಮನೆತನದ ಅಡ್ಡಹೆಸರು ಕುಪ್ಪೇಲೂರ. ಮದುವೆಯಾಗಿ ರಾಣೆಬೆನ್ನೂರಿಗೆ ಬಂದಾಗ ನನಗೂ ಅದು ಅಂಟಿತು. ಎಲ್ಲಿಂದ ಬಂತು, ಯಾಕೆ ಬಂತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ನಾನು ಸಾಲಿ ಕಲಿತದ್ದೂ ಅಷ್ಟಕ್ಕಷ್ಟೇ.

ಕಳೆದ ವರ್ಷ ಮೊಮ್ಮಗಳಿಗೆ ಬ್ಯಾಡಗಿಯಿಂದ ಒಂದು ಗಂಡು ಬಂತು. ನಮ್ಮ ಜಾತಿಯವರೇ, ಮೆಣಸಿನಕಾಯಿ ವ್ಯಾಪಾರದ ಮನೆ. ಬೀಜದ ಕಂಪನಿಯ ಕೆಲಸ ಬಿಡುವುದಿಲ್ಲ ಎಂದು ಅವಳು ಮುಖದ ಮೇಲೆ ಹೇಳಿದಾಗ ಹುಡುಗ ನಕ್ಕ.

"ಬಿಡಬ್ಯಾಡ. ನಮ್ಮ ಮನ್ಯಾಗ ಘಾಟಿಗೆ ಸೀನಿಕೋತ ಕುಂದ್ರೂದಕ್ಕಿಂತ ಅದ ಚಲೋ."

ಅವಳಿಗೆ ಅವನು ಹಿಡಿಸಿದ. ಅದು ಮನೆಯವರಿಗೆಲ್ಲ ಗೊತ್ತಾಯಿತು.

ಪೇಟೆಯಲ್ಲಿ ಹುಡುಗನ ಮನೆಯವರನ್ನು ಅಂಗಡಿಯ ಹೆಸರಿನಿಂದಲೇ ಕರೆಯುತ್ತಾರೆ. ನಿಶ್ಚಯದ ಕಾರ್ಡು ಬರೆಸಲು ಕುಳಿತಾಗ ಅಡ್ಡಹೆಸರು ಕೇಳಿದರೆ ಅವರದೂ ಕುಪ್ಪೇಲೂರ. ಅಡ್ಡಹೆಸರು ಒಂದೇ ಆದರೆ ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ ಎಂಬುದು ನಮ್ಮವರ ನಡಾವಳಿ. ನನ್ನ ಮೈದುನ ಚಹಾದ ಬಟ್ಟಲು ಕೆಳಗಿಟ್ಟ.

"ಹುಡುಗ ಇಕಿಗೆ ಅಣ್ಣ ಆಗ್ತಾನ. ಬಿಟ್ಟುಬಿಡ್ರಿ."

"ಹಾವೇರ್ಯಾಗ ಪಂಕ್ಚರ್ ತೆಗೆಯೋ ಸಾಬರದೂ ಇದ ಅಡ್ಡಹೆಸರು ಐತಿ. ಅವರೂ ನಿನ್ನ ಅಣ್ಣತಮ್ಮರೇನು?" ಎಂದೆ.

"ವೈನಿ, ನಿಮಗ ತಿಳಿಯೂದಿಲ್ಲ, ಸುಮ್ಮ ಕುಂದ್ರಿ."

ಮೊಮ್ಮಗಳ ಅಪ್ಪ, ನನ್ನ ಮಗ, ಕಾಕಾನ ಮಾತು ಮೀರಲಿಲ್ಲ. ಮರುದಿನ ಬ್ಯಾಡಗಿಗೆ ಫೋನು ಮಾಡಿ ಬೇಡವೆಂದ.

ಆಗ ನನ್ನ ಮೊಣಕಾಲಿನ ಆಪರೇಷನ್ ಆಗಿತ್ತು. ನಡೆಯುವಂತಾದ ಮೇಲೆ ಬಸ್ಸು ಹತ್ತಿ ಕುಪ್ಪೇಲೂರಿಗೆ ಹೋದೆ. ಕಟ್ಟೆಯ ಮೇಲೆ ನನ್ನ ವಾರಿಗೆಯ ಒಬ್ಬಾಕೆ ಶೇಂಗಾ ಸುಲಿಯುತ್ತಿದ್ದಳು. ನಮ್ಮ ಅಡ್ಡಹೆಸರಿನವರ ಮನೆಗಳು ಯಾವ ಓಣಿಯಲ್ಲಿವೆ ಎಂದು ಕೇಳಿದೆ.

"ಇಲ್ಲಿ ಒಂದೂ ಇಲ್ಲಬೇ. ಊರು ಬಿಟ್ಟು ಹ್ವಾದವರಿಗೆ ಹ್ವಾದಲ್ಲೆ ಮಂದಿ ಇಟ್ಟ ಹೆಸರದು. ಇಲ್ಲೇ ಇದ್ದವರಿಗೆ ಅದ್ಯಾಕ ಬೇಕು?"

ಮಾವನ ಹೆಸರು ಹೇಳಿದೆ. ಬ್ಯಾಡಗಿಯವರ ಹಿರಿಯರ ಹೆಸರನ್ನೂ ಹೇಳಿದೆ. ಅವಳು ಕೈಯ ಸಿಪ್ಪೆ ಕೊಡವಿದಳು.

"ನಿಮ್ಮವರು ಕೆರಿ ದಂಡಿ ಮನಿಯವರು. ಅವರು ಊರ ಬಾಗಲದ ಅಗಸಿ ಮನಿಯವರು. ಬ್ಯಾರೆ ಬ್ಯಾರೆ ಕುಲ. ಹಿಂದಕ ಈ ಎರಡು ಮನಿಗೆ ಹೆಣ್ಣು ಕೊಟ್ಟು ತಗೊಂಡು ನಡದಿತ್ತು. ನಿಮ್ಮ ಮಾವನ ಅಜ್ಜಿ ಅಗಸಿ ಮನಿ ಮಗಳ."

ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಹೊರಗೇನಿತ್ತೋ ಒಂದೂ ನೆನಪಿಲ್ಲ.

ಮನೆಯಲ್ಲಿ ಹೇಳಿದೆ. ಮಗ ಕೂಡಲೇ ಬ್ಯಾಡಗಿಗೆ ಫೋನು ಹಚ್ಚಿದ. ಅವರು ಮರ್ಯಾದೆಯಿಂದಲೇ ಮಾತಾಡಿದರು. ಹುಡುಗನಿಗೆ ಕರ್ಜಗಿಯ ಹೆಣ್ಣು ಗಟ್ಟಿಯಾಗಿದೆ, ಎಲ್ಲರೂ ಮದುವೆಗೆ ಬರ್ರಿ ಎಂದರು.

"ಋಣಾನುಬಂಧ ಇರಲಿಲ್ಲ ಬಿಡ್ರಿ," ಎಂದ ಮೈದುನ.

ಋಣ ಇತ್ತು. ವಿಚಾರಿಸುವ ಬುದ್ಧಿ ಇರಲಿಲ್ಲ.

ಮೊಮ್ಮಗಳು ಕೆಲಸದಿಂದ ಬಂದಳು. ಅವಳ ಮುಂದೆ ಮುಚ್ಚಿಡುವುದು ನನಗೆ ಸರಿಕಾಣಲಿಲ್ಲ, ಹೇಳಿದೆ. ಅವಳು ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಅಪ್ಪನನ್ನು ನೋಡಿದಳು.

"ಬಸ್ಸಿಗೆ ಒಂದ ತಾಸಿನ ಹಾದಿ ಇಲ್ಲ ಆ ಊರು. ಬ್ಯಾಡ ಅನ್ನೂದಕ್ಕಿಂತ ಮೊದಲ ಒಬ್ಬರರೆ ಹೋಗಿ ಕೇಳಬೇಕಿತ್ತಲ್ಲಪ್ಪಾ."

ಮಗ ಪಲ್ಯದ ಬೋಗುಣಿ ಅವಳ ಕಡೆ ಸರಿಸಿದ. ಅವಳು ಹಾಕಿಕೊಳ್ಳಲಿಲ್ಲ.